ಕುಲಾಯಿ ಬಿಚ್ಚಿದ ಬಾಟಲಿಗಳು

ನಮ್ಮಪ್ಪನಿಗೆ ನಮ್ಮವ್ವನ ಮೇಲೆ ಪ್ರೀತಿ ಇತ್ತೆಂಬುದು ನಮ್ಮ ಮನೆಯ ಗುಟ್ಟಾಗಿತ್ತು. ಈಗಿನವರಿಗೆ ನಗು ಬರಬಹುದು, ನಗಲಿ ಬಿಡಿ. ಆಗಿನ ಶಿರಹಟ್ಟಿಯಲ್ಲಿ ಗಂಡ ಹೆಂಡತಿಗೆ ನಾಲ್ಕು ಬಿಗಿದರೆ ಓಣಿಯವರು ಕೇಳಿಸಿಕೊಂಡು ಮಗ್ಗುಲು ಬದಲಿಸಿ ಮಲಗುತ್ತಿದ್ದರು. ಅದೇ ಗಂಡ ಆಕೆಯ ತಲೆಯ ಮೇಲಿನ ಕೊಡ ಇಳಿಸಲು ಕೈ ಹಚ್ಚಿದನೋ, ಕಟ್ಟೆಯ ಮೇಲೆ ವಾರಗಟ್ಟಲೆ ಅದೇ ಸುದ್ದಿ. ಅಪ್ಪನದು ಅಡತಿ ವ್ಯಾಪಾರ. ರೈತರು ತಂದ ಶೇಂಗಾ, ಹತ್ತಿ, ಒಣಮೆಣಸಿನಕಾಯಿ ಕೊಂಡು ಗದಗಿನ ಪೇಟೆಗೆ ಸಾಗಿಸುವ ಕೆಲಸ. ದಿನವಿಡೀ ಹತ್ತು ಮಂದಿಯ ನಡುವೆ ಕೂರುವವನಿಗೆ 'ಹೆಂಡರ ಗುಲಾಮ' ಎಂಬ ಬಿರುದು ಅಂಟಿದರೆ ಹಮಾಲರೂ ಚೀಲದ ಮರೆಯಲ್ಲಿ ಕಿಸಕ್ಕೆನ್ನುತ್ತಿದ್ದರು. ಹಾಗಾಗಿ ಅಪ್ಪ ಮಂದಿಯ ಮುಂದೆ ಅವ್ವನನ್ನು ಗದರಿಸುತ್ತಿದ್ದ. ಮಂದಿ ಹೋದ ಮೇಲೆ ಹಿತ್ತಲಿನಲ್ಲಿ ಕೂತು ಆಕೆಗೆ ಸೋಡಾ ಮಾಡುತ್ತಿದ್ದ.

ಅವ್ವನ ಹೊಟ್ಟೆಯ ಕಥೆಯನ್ನು ಮೊದಲು ಹೇಳಬೇಕು. ನನ್ನ ತಮ್ಮ ಹುಟ್ಟಿದ ಮೇಲೆ ಆಕೆಗೆ ವಾಯುವಿನ ಕಾಟ ಹತ್ತಿಕೊಂಡಿತು. ಉಂಡು ಕೈ ತೊಳೆಯುವುದರೊಳಗೆ ಹೊಟ್ಟೆ ಡೊಳ್ಳಿನಂತಾಗುತ್ತಿತ್ತು. ಎದೆ ಹಿಡಿದುಕೊಂಡು ಒಲೆಯ ಮುಂದೆ ಕೂತುಬಿಡುತ್ತಿದ್ದಳು. ಅಜವಾನ ಅಗಿದಳು, ಇಂಗು ನುಂಗಿದಳು, ಶುಂಠಿ ಕಷಾಯ ಕುಡಿದಳು, ಓಣಿಯ ಮುದುಕಿಯರು ಹೇಳಿದ್ದನ್ನೆಲ್ಲ ಮಾಡಿದಳು. ವಾಯು ಯಾವುದಕ್ಕೂ ಜಗ್ಗಲಿಲ್ಲ. ಆಗ ಬೆಟಗೇರಿಯಲ್ಲಿ ಬಳಗದವರ ಮದುವೆಯೊಂದು ಬಂತು. ಹೋಳಿಗೆ ಊಟ, ಮೇಲೆ ತುಪ್ಪ. ಬೇಡವೆಂದರೆ ಬಡಿಸುವವರು ಬಿಡಬೇಕಲ್ಲ! ತಿರುಗಿ ಬರುವಾಗ ಗದಗ ಸ್ಟೇಷನ್ನಿನ ಹತ್ತಿರ ಟಾಂಗಾದಲ್ಲಿ ಅವ್ವ ಎರಡಾಗಿ ಬಾಗಿ ಕೂತಳು. ಮುಖದ ತುಂಬ ಬೆವರು.

ಎದುರಿಗೆ ಸೋಡಾ ಅಂಗಡಿ ಇತ್ತು. ಗಂಡಸರು ಸಾಲಾಗಿ ನಿಂತು ಗೋಲಿ ಒತ್ತಿಸಿಕೊಂಡು ಗಟಗಟ ಕುಡಿಯುತ್ತಿದ್ದರು. ಅಲ್ಲಿ ಹೆಂಗಸೆಂಬುವಳು ನಿಲ್ಲುವ ಮಾತೇ ಇರಲಿಲ್ಲ. ಅಪ್ಪ ಆ ಕಡೆ ಈ ಕಡೆ ನೋಡಿದ, ಇಳಿದು ಹೋದ, ಒಂದು ಸೋಡಾ ಒಡೆಸಿ ಹೆಗಲ ವಲ್ಲಿಯ ಅಡಿಯಲ್ಲಿ ಮುಚ್ಚಿಕೊಂಡು ತಂದ. ಛತ್ರಿ ಬಿಚ್ಚಿ ಟಾಂಗಾದ ಬದಿಗೆ ಅಡ್ಡ ಹಿಡಿದ. ಮಳೆಯಿಲ್ಲ, ಬಿಸಿಲೂ ಇಳಿದಿತ್ತು. ಟಾಂಗಾದವನು ಬಾಯಿ ತೆರೆದುಕೊಂಡು ಅಪ್ಪನನ್ನೇ ನೋಡಿದ. ಒಳಗೆ ಅವ್ವ ಒಂದು ಗುಟುಕು ಕುಡಿದಳು, ಗುಳ್ಳೆ ಮೂಗಿಗೇರಿ ಕಣ್ಣಲ್ಲಿ ನೀರು ಬಂತು, ಮತ್ತೆ ಕುಡಿದಳು. ಆಮೇಲೆ ಬಂತು ನೋಡಿ ಒಂದು ತೇಗು! ಕುದುರೆ ಕಿವಿ ನಿಮಿರಿಸಿತೆಂದು ಅಪ್ಪ ಮುಂದೆ ಎಷ್ಟೋ ವರ್ಷ ಕಾಡಿಸುತ್ತಿದ್ದ.

"ಜೀವ ಹಗುರಾತು ನೋಡ್ರಿ," ಎಂದಳು ಅವ್ವ. ಆಕೆ ಹಾಗೆ ನಿರಾಳವಾಗಿ ನಕ್ಕಿದ್ದನ್ನು ನಾನು ಅದಕ್ಕೂ ಮೊದಲು ನೋಡಿದ ನೆನಪಿಲ್ಲ.

ಸರಿ, ಮದ್ದು ಸಿಕ್ಕಿತು. ಆದರೆ ಮದ್ದನ್ನು ಮನೆಗೆ ತರುವುದು ಹೇಗೆ? ನಮ್ಮೂರ ಸೋಡಾ ಅಂಗಡಿಯವನು ಬಾಟಲಿ ಹೊರಗೆ ಕೊಡುತ್ತಿರಲಿಲ್ಲ, ಅಲ್ಲೇ ಕುಡಿದು ಅಲ್ಲೇ ಇಡಬೇಕು. ಕೊಟ್ಟರೂ ದಿನಾ ಎರಡು ಹೊತ್ತು ಕೊಂಡು ತರುವಷ್ಟು ಸಿರಿತನ ನಮ್ಮದಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಅಡತಿಯವರು ಹೆಂಡತಿಗೆ ಸೋಡಾ ಹೊತ್ತುಕೊಂಡು ನಡೆದರು ಎಂದು ಊರು ಆಡಿಕೊಳ್ಳುವುದನ್ನು ಅಪ್ಪ ತಾಳಿಕೊಳ್ಳುವವನಲ್ಲ.

ದಾರಿ ತೋರಿಸಿದ್ದು ಹುಳಿ ಮಜ್ಜಿಗೆ. ಒಂದು ದಿನ ಅವ್ವ ದೋಸೆಯ ಹಿಟ್ಟಿಗೆ ಹಾಕಬೇಕಿದ್ದ ಚಿಟಿಕೆ ಸೋಡಾ ಪುಡಿ ಕೈತಪ್ಪಿ ಪಕ್ಕದ ಮಜ್ಜಿಗೆಯ ಪಾತ್ರೆಗೆ ಬಿತ್ತು. ಮಜ್ಜಿಗೆ ಬುಸ್ಸೆಂದು ಉಕ್ಕಿ ಕಟ್ಟೆಯ ಮೇಲೆಲ್ಲ ಹರಿಯಿತು. ಅವ್ವ ಹಣೆ ಚಚ್ಚಿಕೊಂಡಳು. ಊಟಕ್ಕೆ ಕೂತಿದ್ದ ಅಪ್ಪ ಮಾತ್ರ ರೊಟ್ಟಿ ಕೈಯಲ್ಲಿ ಹಿಡಿದುಕೊಂಡೇ ಎದ್ದು ಬಂದು ಬಗ್ಗಿ ನೋಡಿದ. "ಹುಳಿಗೆ ಸೋಡಾ ಕೂಡಿದ್ರ ಗ್ಯಾಸ್ ಏಳತೈತಿ. ಗ್ಯಾಸ್ ಹೊರಗ ಹೋಗಧಂಗ ಮುಚ್ಚಿಟ್ರ ಆತು," ಎಂದ. ಹಿತ್ತಲಿನಲ್ಲಿ ನಿಂಬೆಯ ಗಿಡ ಬೇಕಾದಷ್ಟು ಕಾಯಿ ಬಿಡುತ್ತಿತ್ತು. ತಿನ್ನುವ ಸೋಡಾ ಕಿರಾಣಿ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತಿತ್ತು. ಇನ್ನೇನು, ಸೋಡಾ ಕಾರಖಾನೆಯೇ ಬಂದಂತಾಯಿತು ಎಂದು ಅಪ್ಪ ಹಿಗ್ಗಿದ.

ಅಷ್ಟು ಸಲೀಸಾಗಿದ್ದರೆ ಇಷ್ಟು ಬರೆಯುವ ಅಗತ್ಯವೇ ಇರಲಿಲ್ಲ. ಮೊದಲ ಸೋಡಾ ಸಾಬೂನಿನ ನೀರಿನ ಹಾಗಿತ್ತು. ಎರಡನೆಯದು ಬರೀ ಪಾನಕ. ನಮ್ಮ ಬಾವಿಯ ನೀರು ಸವುಳು, ಅದರಲ್ಲಿ ಏನು ಮಾಡಿದರೂ ನಾಲಗೆ ಮುದುಡುತ್ತಿತ್ತು. ಅಪ್ಪ ಮಠದ ಕಡೆಯ ಸಿಹಿನೀರಿನ ಬಾವಿಯಿಂದ ನೀರು ತರಿಸಲು ಶುರು ಮಾಡಿದ. ಪುಡಿ ಹಾಕಿ ಬಿರಡೆ ಮುಚ್ಚುವಷ್ಟರಲ್ಲಿ ಗ್ಯಾಸೆಲ್ಲ ಹಾರಿಹೋಗುತ್ತಿತ್ತು. ಅದಕ್ಕೂ ಉಪಾಯ ಹುಡುಕಿದ. ಊದಿನಕಡ್ಡಿಯ ಪೊಟ್ಟಣದ ಒಳಗಿರುವ ತೆಳ್ಳನೆಯ ಕಾಗದದಲ್ಲಿ ಪುಡಿಯನ್ನು ಬತ್ತಿಯ ಹಾಗೆ ಹೊಸೆದು ಬಾಟಲಿಗೆ ಇಳಿಬಿಡುವುದು. ಕಾಗದ ನೆನೆದು ಹರಿಯುವ ಹೊತ್ತಿಗೆ ಬಿರಡೆ ಬಿಗಿದಿರುತ್ತಿತ್ತು. ಸೋಡಾಕ್ಕೆ ಊದಿನಕಡ್ಡಿಯ ವಾಸನೆ ಬರುತ್ತಿತ್ತೆನ್ನುವುದು ಬೇರೆ ಮಾತು. "ಸೋಡಾ ಅಲ್ರಿ ಇದು, ತೀರ್ಥ," ಎಂದು ಅವ್ವ ಕಣ್ಣಿಗೊತ್ತಿಕೊಂಡು ಕುಡಿಯುತ್ತಿದ್ದಳು.

ಸೋಡಾ ತುಂಬಿಟ್ಟಿದ್ದ ಎಣ್ಣೆಯ ಹಳೆಯ ಬಾಟಲಿಯೊಂದು ನಮ್ಮ ಮಾನ ಕಳೆಯುವುದರಲ್ಲಿತ್ತು. ಅದು ರಜಾಕಾರರ ಗದ್ದಲದ ವರ್ಷ. ನಿಜಾಮನ ಗಡಿ ಮುಂಡರಗಿಯ ಆಚೆಗೇ ಇತ್ತು, ಅಲ್ಲಿಂದ ದಿನಕ್ಕೊಂದು ಭಯಂಕರ ಸುದ್ದಿ ಬರುತ್ತಿತ್ತು. ಅಂಥ ಒಂದು ಮಧ್ಯಾಹ್ನ, ಓಣಿಯೆಲ್ಲ ಉಂಡು ಅಡ್ಡಾದ ಹೊತ್ತಿನಲ್ಲಿ, ಹಿತ್ತಲಿನಲ್ಲಿ ಬಿಸಿಲಿಗೆ ಬಿದ್ದಿದ್ದ ಆ ಬಾಟಲಿ ಢಂ ಎಂದು ಒಡೆಯಿತು. ಪಕ್ಕದ ಮನೆಯ ಅಜ್ಜ "ಬಂದ್ರಪೋ ಬಂದ್ರು!" ಎಂದು ಕೂಗುತ್ತ ಉಟ್ಟ ಧೋತರ ಎತ್ತಿ ಹಿಡಿದು ಅಗಸಿಯ ಕಡೆಗೆ ಓಡಿದ. ಅವನ ಹಿಂದೆ ಅರ್ಧ ಓಣಿ ಓಡಿತು. ಅಪ್ಪನೂ ಕೈಯಲ್ಲೊಂದು ಬಡಿಗೆ ಹಿಡಿದುಕೊಂಡು ಅವರ ಜೊತೆಗೇ ಓಡಿದ! ಸದ್ದು ಎಲ್ಲಿಂದ ಬಂತೆಂದು ಅವನಿಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ಆದರೂ ಅಗಸಿಯ ತನಕ ಹೋಗಿ, ಸಂಜೆಯವರೆಗೆ ಕಾವಲು ನಿಂತು, ಬೆವರೊರೆಸಿಕೊಂಡು ಬಂದ. ಸೋಡಾ ಎಂಬ ಮಾತು ಮಾತ್ರ ಬಾಯಿಂದ ಹೊರಡಲಿಲ್ಲ.

ಗಟ್ಟಿ ಬಾಟಲಿ ಇಲ್ಲದೆ ಈ ಕೆಲಸ ಸಾಗದೆಂದು ಆಗ ತಿಳಿಯಿತು. ದೇಶಕ್ಕೆ ಸ್ವಾತಂತ್ರ್ಯ ಬಂದು ಬಿಳಿಯ ಸಾಹೇಬರೆಲ್ಲ ಗಂಟುಮೂಟೆ ಕಟ್ಟಿದ್ದರು. ಅವರ ಬಂಗಲೆಗಳಿಂದ ಹೊರಬಿದ್ದ ಕುರ್ಚಿ, ಕನ್ನಡಿ, ಬಾಟಲಿಗಳೆಲ್ಲ ಗದಗಿನ ಗುಜರಿ ಅಂಗಡಿಗೆ ಬಂದು ರಾಶಿಯಾಗಿದ್ದವು. ಅಪ್ಪ ಅದರಲ್ಲಿ ಹುಡುಕಿ ಕೆಲವು ಕಂದು ಬಣ್ಣದ ಬಾಟಲಿ ತಂದ. ದಪ್ಪ ಗಾಜು, ಪಿಂಗಾಣಿಯ ಬಿರಡೆ, ಅದಕ್ಕೊಂದು ರಬ್ಬರಿನ ಬಳೆ, ಮೇಲೆ ಬಿಗಿಯುವ ತಂತಿಯ ಕೊಂಡಿ. ಎಂಥ ಗ್ಯಾಸಿಗೂ ಅವು ಮಿಸುಕುತ್ತಿರಲಿಲ್ಲ. ಬೂದಿ ಹಚ್ಚಿ ತಿಕ್ಕಿ, ಕುದಿವ ನೀರು ಹೊಯ್ದು, ಬಿಸಿಲಿಗಿಟ್ಟು ಶುದ್ಧ ಮಾಡಿದರು. ಗಾಜಿನಲ್ಲೇ ಉಬ್ಬಿಕೊಂಡಿದ್ದ ಸಿಂಹದ ಚಿತ್ರ, ಅದರ ಕೆಳಗಿನ ಇಂಗ್ಲಿಷ್ ಅಕ್ಷರ ಮಾತ್ರ ತೊಳೆದರೆ ಹೋಗುವಂಥವಲ್ಲ. ಬಿಯರಿನ ಬಾಟಲಿಗಳು ಅವು. "ಸ್ವಾತಂತ್ರ್ಯ ಬಂದದ್ದಕ್ಕ ನಮ್ಮ ಮನಿಗೆ ಬಂದ ಪಾಲು ಇದಽ ನೋಡು," ಎಂದು ಅಪ್ಪ ನಗೆಯಾಡಿದ.

ಅವ್ವನಿಗೆ ಆ ಸಿಂಹ ಕಂಡರಾಗುತ್ತಿರಲಿಲ್ಲ. ಹಳೆಯ ಇಳಕಲ್ಲ ಸೀರೆಯ ತುಂಡುಗಳಿಂದ ಬಾಟಲಿಗೊಂದರಂತೆ ಗವಸು ಹೊಲಿದು ತೊಡಿಸಿದಳು, ಕೂಸಿನ ತಲೆಗೆ ಕುಲಾಯಿ ಕಟ್ಟುವ ಹಾಗೆ ಮೇಲೊಂದು ಲಾಡಿ. ನಾವು ಅವನ್ನು ಕುಲಾಯಿ ಎಂದೇ ಕರೆಯುತ್ತಿದ್ದೆವು. ನಿಂಬೆಯ ಗಿಡದ ನೆರಳಿನಲ್ಲಿ ಒದ್ದೆ ಉಸುಕು ಹರಡಿ, ಕುಲಾಯಿ ತೊಟ್ಟ ಬಾಟಲಿಗಳನ್ನು ಬುಡ ಮಾತ್ರ ಹುಗಿದಿಟ್ಟು, ಮೇಲೆ ನೀರು ಚಿಮುಕಿಸುತ್ತಿದ್ದರು. ಬೇಸಿಗೆಯಲ್ಲೂ ಒಳಗಿನ ನೀರು ತಣ್ಣಗಿರುತ್ತಿತ್ತು. ಊಟವಾದ ಮೇಲೆ ಅಪ್ಪ ಎಲೆ ಅಡಿಕೆ ಹಾಕಿಕೊಳ್ಳುವ ನೆವದಲ್ಲಿ ಹಿತ್ತಲಿಗೆ ನಡೆಯುತ್ತಿದ್ದ. ಫಟ್ ಎಂಬ ಸದ್ದು, ಬುರುಬುರು ಎಂಬ ಸದ್ದು, ಸ್ವಲ್ಪ ಹೊತ್ತಿಗೆ ಅವ್ವನ ತೇಗು. ಆ ತೇಗು ಕೇಳಿದ ಮೇಲೆಯೇ ನಾವು ಮಕ್ಕಳು ನಿಶ್ಚಿಂತೆಯಿಂದ ಹಾಸಿಗೆ ಬಿಚ್ಚುತ್ತಿದ್ದೆವು. ಅವ್ವ ಅಂದರೆ ಇವತ್ತಿಗೂ ನನಗೆ ನೆನಪಾಗುವುದು ಆ ಸದ್ದೇ.

ಮುಂದೆ ನಮ್ಮೂರನ್ನು ಆಳುತ್ತಿದ್ದ ಸಂಸ್ಥಾನ ಹೋಗಿ ನಾವು ಮುಂಬೈ ಸರಕಾರದ ಕೆಳಗೆ ಬಂದೆವು. ಮುಂಬೈ ಸರಕಾರ ದಾರೂಬಂದಿ ತಂದಿತು. ಅಪ್ಪ ಮೊದಲೇ ಖಾದಿ ತೊಡುವವನು, ಸಾಲದ್ದಕ್ಕೆ ಒಳ್ಳೆ ಮಾತುಗಾರ. ಅಡರಕಟ್ಟಿಗೆ ಹೋದ, ನಾಗಾವಿಗೆ ಹೋದ, ಕಂಡ ಕಂಡ ಕಟ್ಟೆ ಹತ್ತಿ ಕುಡಿತ ಬಿಡಿರೆಂದು ಭಾಷಣ ಬಿಗಿದ. ಮನೆಗೆ ಬಂದು ಬಿಯರಿನ ಬಾಟಲಿಯಲ್ಲಿ ಹೆಂಡತಿಗೆ ಸೋಡಾ ತುಂಬಿದ. ಇದರಲ್ಲೇನಾದರೂ ಎಡವಟ್ಟಿದೆ ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನಮಗೆ ಅವು ಕುಲಾಯಿ ತೊಟ್ಟ ಕೂಸುಗಳಷ್ಟೆ.

ಇಷ್ಟರಲ್ಲಿ ನಾನು ಮದುವೆಗೆ ಬೆಳೆದು ನಿಂತೆ. ಮುಂಡರಗಿಯಲ್ಲಿದ್ದ ಅವ್ವನ ಅಣ್ಣ, ಅಂದರೆ ನನ್ನ ಸೋದರಮಾವ, ಲಕ್ಷ್ಮೇಶ್ವರದ ಅರಿವೆ ವ್ಯಾಪಾರಿಯ ಮನೆತನವೊಂದನ್ನು ಗೊತ್ತು ಮಾಡಿದ. ಹಿಂದೆ ಅವರ ಊರು ಒಂದು ಸಂಸ್ಥಾನ, ನಮ್ಮ ಊರು ಇನ್ನೊಂದು. ಈಗ ಇಬ್ಬರಿಗೂ ಒಂದೇ ಸರಕಾರ, ಇನ್ನು ಸ್ವಲ್ಪ ದಿನಕ್ಕೆ ಕನ್ನಡಿಗರೆಲ್ಲ ಒಂದೇ ಎಂದು ಮಾವ ಅದನ್ನೂ ಸಂಬಂಧದ ಗುಣವಾಗಿ ಹೇಳಿದ್ದ. ಹುಡುಗ, ಹುಡುಗನ ತಂದೆ, ತಾಯಿ, ಜೊತೆಗೆ ಮಾವ, ಬಿರುಬೇಸಿಗೆಯ ಒಂದು ಮುಂಜಾನೆ ನನ್ನನ್ನು ನೋಡಲು ಬಂದರು.

ಪಡಸಾಲೆಯಲ್ಲಿ ಗಂಡಸರು ಕೂತು ಕರ್ನಾಟಕವನ್ನು ಒಂದುಗೂಡಿಸತೊಡಗಿದರು. ಅಪ್ಪನ ದನಿ ಅಡುಗೆಮನೆಯ ಗಡಿಗೆಗಳನ್ನು ಅದುರಿಸುತ್ತಿತ್ತು. ನಾನು ಮಂಡಕ್ಕಿ ಸುಸಲಾ, ಮಿರ್ಚಿ ಭಜಿಯ ತಾಟು ಹಿಡಿದುಕೊಂಡು ಹೋದೆ. ಹುಡುಗ ಒಂದು ಮಿರ್ಚಿ ಕಚ್ಚಿದವನೇ ಕೆಂಪಾದ. ಕಣ್ಣು, ಮೂಗು ಎಲ್ಲ ಸೋರತೊಡಗಿದವು. ನಮ್ಮೂರ ಮೆಣಸಿನಕಾಯಿ ಸಾಮಾನ್ಯದ್ದಲ್ಲ. ಅವ್ವ ಬಾಗಿಲ ಹಿಂದಿನಿಂದ "ಬಿಡ್ರಿ, ಖಾರ ಐತಿ ಬಿಡ್ರಿ" ಎಂದರೂ ಆತ "ಭಾಳ ಛಲೋ ಆಗೈತ್ರಿ" ಎನ್ನುತ್ತ ಅಳುತ್ತಳುತ್ತಲೇ ತಾಟು ಖಾಲಿ ಮಾಡಿದ. ನನಗೆ ಅವನು ಅಲ್ಲೇ ಹಿಡಿಸಿಬಿಟ್ಟ. ಸುಳ್ಳು ಯಾಕೆ ಹೇಳಲಿ, ಈ ಮನುಷ್ಯನ ಮನೆಗೇ ಹೋಗಬೇಕೆಂದು ನಿಂತ ನಿಲುವಿನಲ್ಲೇ ಎಲ್ಲ ದೇವರಿಗೂ ಹರಕೆ ಹೊತ್ತೆ.

ಆತನ ತಾಯಿ ಒಳಗೆ ಬಂದು ನನ್ನ ಜಡೆ ಮುಟ್ಟಿ ನೋಡಿದರು, ರೊಟ್ಟಿ ಬಡಿಯಲು ಬರುತ್ತದೆಯೇ ಎಂದು ಕೇಳಿದರು, ಮತ್ತೆ ಸುಮ್ಮನಾದರು. ಮಾತು ಕಡಿಮೆಯ ಹೆಂಗಸು ಎನಿಸಿತು.

ಇನ್ನೇನು ಚಹಾ ಬರಬೇಕು, ಹುಡುಗನ ತಂದೆ ಕೈ ತೊಳೆಯಲು ಹಿತ್ತಲಿಗೆ ಹೋದರು. ಬೀಗರು ಬರುವರೆಂದು ಅವ್ವ ಹಿಂದಿನ ದಿನ ಮನೆಯ ಒಂದು ಚಿಂದಿಯನ್ನೂ ಬಿಡದೆ ಒಗೆದಿದ್ದಳು. ಕುಲಾಯಿಗಳೂ ಇನ್ನೂ ಹಗ್ಗದ ಮೇಲೆಯೇ ಇದ್ದವು. ನಿಂಬೆಯ ಗಿಡದ ಕೆಳಗೆ ಉಸುಕಿನಲ್ಲಿ ಬಾಟಲಿಗಳು ಬೆತ್ತಲೆ ನಿಂತಿದ್ದವು, ಸಿಂಹಗಳೆಲ್ಲ ಹೊರಗೆ ಮುಖ ಮಾಡಿಕೊಂಡು. ಆ ಹಿರಿಯರು ವಿಲಾಯತಿ ಬಟ್ಟೆಯ ಚೀಟಿ ಓದಿ ಓದಿ ಅಷ್ಟಿಷ್ಟು ಇಂಗ್ಲಿಷ್ ಬಲ್ಲವರು. ಬಗ್ಗಿ ಓದಿದ್ದನ್ನು ನಾನು ಅಡುಗೆಮನೆಯ ಕಿಟಕಿಯಿಂದ ಕಂಡೆ. ಏನೋ ಕೆಟ್ಟಿತೆಂದು ಆಗಲೇ ಅನಿಸಿತು.

ಪಡಸಾಲೆಗೆ ಬಂದವರು ಕೂರಲಿಲ್ಲ. "ಬಿಸಲಾಗತೈತಿ, ಬರತೇವ್ರಿ," ಎಂದರು. ಚಹಾ ಒಲೆಯ ಮೇಲೆಯೇ ಉಳಿಯಿತು.

ನಾಲ್ಕಾರು ದಿನದ ಮೇಲೆ ಮುಂಡರಗಿಯ ಮಾವ ಮುಖ ಒಣಗಿಸಿಕೊಂಡು ಬಂದ. ನೀರು ಕೂಡ ಕೇಳದೆ ಅಪ್ಪನ ಎದುರು ಕೂತ.

"ಅಲ್ರಿ, ನಿಮ್ಮ ಹಿತ್ತಲದಾಗ ಬಾಟ್ಲಿ ಹುಗದಿಟ್ಟೀರಂತಲ್ರಿ? ದಾರೂಬಂದಿ ಭಾಷಣ ಮಾಡವರ ಮನ್ಯಾಗ ಬಿಯರ್ ಬಾಟ್ಲಿ ಅದಾವು ಅಂತ ಅವರು ನನ್ನ ಮುಖದ ಮ್ಯಾಲ ಅಂದ್ರು. ನನಗ ಎಲ್ಲಿ ಮುಖ ಇಡಲಿ ಅನ್ನಿಸ್ತು."

ಅಪ್ಪ ಮೊದಲು ನಕ್ಕ. "ಅವು ಸೋಡಾದ್ದೋ ಮಾರಾಯಾ."

"ಸೋಡಾದ್ದಂದ್ರ ನಂಬತಾರೇನ್ರಿ? ದಾರೂ ಇಲ್ಲದ ಮನ್ಯಾಗ ಸೋಡಾ ಯಾಕ ಬೇಕಾತು ಅಂತಾರ. ಶಿಂದಿ ಗಿಡದ ಬುಡಕ ಕುಂತು ಮಜ್ಜಿಗಿ ಕುಡದ್ರೂ ಮಂದಿ ಶಿಂದೀನಽ ಅಂತಾರ. ಸೋಡಾ ಯಾರಿಗಂತ ಮಾಡತೀರಿ? ಅದೊಂದು ಹೇಳ್ರಿ, ಹೋಗಿ ತಿಳಿಸಿ ಹೇಳತೇನಿ."

ಒಂದೇ ಒಂದು ಮಾತು ಸಾಕಿತ್ತು. ನಮ್ಮನೆಯಾಕೆಗೆ ಹೊಟ್ಟೆಯ ಬೇನೆ, ಆಕೆಗೆಂದು ನಾನೇ ಮಾಡುತ್ತೇನೆ ಅಂದುಬಿಟ್ಟರೆ ಮುಗಿಯಿತು. ನಾನು ಬಾಗಿಲ ಸಂದಿಯಲ್ಲಿ ಕಿವಿಗೊಟ್ಟು ನಿಂತಿದ್ದೆ. ಅಪ್ಪನ ನಗು ಇಳಿಯಿತು. ಅಂಗಡಿಯ ಇಬ್ಬರು ಹಮಾಲರು ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದರು. ಅಪ್ಪ ಅವರನ್ನು ನೋಡಿದ, ಮಾವನನ್ನು ನೋಡಿದ, ಗಂಟಲು ಸರಿ ಮಾಡಿಕೊಂಡ.

"ಕುಂಬಳಕಾಯಿ ಕಳ್ಳ ಅಂದ್ರ ನಾ ಯಾಕ ಹೆಗಲು ಮುಟ್ಟಿ ನೋಡಿಕೊಳ್ಳಲಿ? ನಂಬಿದ್ರ ನಂಬಲಿ, ಬಿಟ್ರ ಬಿಡಲಿ. ಊರಾಗ ಅವರೊಬ್ಬರಽ ಬೀಗರೇನು?"

ಮಾವ ಟೊಪ್ಪಿಗೆ ಝಾಡಿಸಿಕೊಂಡು ಎದ್ದ. ನನಗೆ ಅಪ್ಪನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ರಜಾಕಾರರಿಗೆ ಬಡಿಗೆ ಹಿಡಿದು ನಿಂತವನು, ಮುಂಬೈ ಸರಕಾರಕ್ಕೆ ಸೊಪ್ಪು ಹಾಕದೆ ಕನ್ನಡ ನಾಡು ಬೇಕೆಂದು ಸಾವಿರ ಮಂದಿಯ ಮುಂದೆ ಕೂಗಿದವನು, ಇಬ್ಬರು ಹಮಾಲರ ಮುಂದೆ ಹೆಂಡತಿಯ ಹೊಟ್ಟೆನೋವಿನ ಮಾತಾಡಲಿಕ್ಕೆ ಬಾಯಿಲ್ಲದವನಾದ. ಅಂದು ಕಣಜದ ಕೋಣೆಯಲ್ಲಿ ಕೂತು ಸೆರಗು ಬಾಯಿಗೊತ್ತಿಕೊಂಡು ಅತ್ತೆ. ಮಿರ್ಚಿ ತಿಂದು ಅತ್ತವನ ಮುಖ ಕಣ್ಣಮುಂದಿನಿಂದ ಹೋಗುತ್ತಲೇ ಇರಲಿಲ್ಲ.

ಅಪ್ಪ ಸೋಡಾ ಮಾಡುವುದನ್ನು ನಿಲ್ಲಿಸಿದ. ನಿಂಬೆಹಣ್ಣು ಉದುರಿ ಗಿಡದ ಕೆಳಗೆ ಕೊಳೆತವು. ಬಾಟಲಿಗಳು ಉಸುಕಿನಲ್ಲೇ ಇದ್ದವು, ತೆಗೆದಿಡಲೂ ಯಾರಿಗೂ ಮನಸ್ಸಿರಲಿಲ್ಲ. ಅವ್ವ ಉಂಡ ಮೇಲೆ ಮತ್ತೆ ಎದೆ ಹಿಡಿದುಕೊಂಡು ಕೂರತೊಡಗಿದಳು. ಬೇನೆ ಎನ್ನಲಿಲ್ಲ, ಸೋಡಾ ಎನ್ನಲಿಲ್ಲ. ಒಂದು ದಿನ ಅಪ್ಪನಿಗೆ ರೊಟ್ಟಿ ಬಡಿಸುತ್ತಿದ್ದವಳು ಒಮ್ಮೆಲೇ ಬುಟ್ಟಿಯನ್ನು ಕೆಳಗಿಟ್ಟಳು.

"ಕುಡುಕ ಅನ್ನಿಸಿಕೊಳ್ಳಾಕ ತಯಾರದೀರಿ. ಹೆಂಡ್ತಿಗೆ ಸೋಡಾ ಮಾಡಿ ಕೊಡತೇನಿ ಅನ್ನಾಕ ನಾಚಿಕಿ ಬರತೈತಿ. ಅಷ್ಟು ಕೆಟ್ಟ ಕೆಲಸೇನ್ರಿ ಅದು?"

ಅಪ್ಪ ತಾಟಿನಲ್ಲಿದ್ದ ರೊಟ್ಟಿಯನ್ನು ಚೂರು ಚೂರು ಮಾಡಿದ.

"ನೀವು ಹೇಳಬ್ಯಾಡ್ರಿ. ನಾ ಹೇಳತೇನಿ," ಎಂದಳು ಅವ್ವ. ಪರಗಂಡಸರ ಎದುರು ಹೊಸ್ತಿಲು ದಾಟಿ ಗೊತ್ತಿಲ್ಲದವಳು. ನಾನು ನಂಬಲಿಲ್ಲ, ಅಪ್ಪನಂತೂ ನಂಬಲೇ ಇಲ್ಲ. ಆಕೆ ಮಾತ್ರ ಮರುದಿನವೇ ಮುಂಡರಗಿಗೆ ಹೋಗುವವರ ಕೈಯಲ್ಲಿ ಅಣ್ಣನಿಗೆ ಹೇಳಿಕಳಿಸಿದಳು. ಲಕ್ಷ್ಮೇಶ್ವರದವರು ಅಮಾವಾಸ್ಯೆಗೆ ನಮ್ಮೂರ ಮಠಕ್ಕೆ ನಡೆದುಕೊಳ್ಳುವವರು. ಸಂಬಂಧ ಬೇಡವಾದರೆ ಬೇಡ, ಮಠದಿಂದ ಹೋಗುವಾಗ ಒಂದು ಗಳಿಗೆ ಬಂದು ಬಾಟಲಿಯನ್ನು ನೋಡಿ ಹೋಗಲಿ, ಹೆಣ್ಣಿನ ತಾಯಿ ಸೆರಗೊಡ್ಡಿ ಕೇಳುತ್ತಾಳೆ ಎಂದು.

ಸೆರಗೊಡ್ಡಿದ ಮಾತನ್ನು ಯಾರೂ ತಳ್ಳಿಹಾಕುವುದಿಲ್ಲ. ಅಮಾವಾಸ್ಯೆಯ ದಿನ ಹಣೆಯ ತುಂಬ ವಿಭೂತಿ ಧರಿಸಿಕೊಂಡು ಹಿರಿಯರು ಬಂದರು, ಹಿಂದೆ ಅವರ ಹೆಂಡತಿ, ಅವರ ಹಿಂದೆ ಮಾವ. ಹುಡುಗ ಬಂದಿರಲಿಲ್ಲ. ಹಿರಿಯರು ಚಾಪೆಯ ಅಂಚಿಗೆ ಕೂತರು, ಆಗಲೇ ಏಳುವವರ ಹಾಗೆ. ಅಪ್ಪ ಗೋಡೆಗೊರಗಿ ಮುಖ ಬೇರೆ ಕಡೆ ಮಾಡಿಕೊಂಡ. ಹುಡುಗನ ತಾಯಿ ಅಡುಗೆಮನೆಯ ಬಾಗಿಲಿಗೆ ಬಂದು ನನ್ನ ಪಕ್ಕ ನಿಂತರು.

ಅವ್ವ ಹಿತ್ತಲಿನಿಂದ ಬಂದಳು. ಮುಂಜಾನೆ ಎದ್ದು ತಾನೇ ನಿಂಬೆ ಹಿಂಡಿ, ಬತ್ತಿ ಹೊಸೆದು, ಬಾಟಲಿ ತುಂಬಿದ್ದಳು. ಒಂದು ಕೈಯಲ್ಲಿ ಆ ಬಾಟಲಿ, ಕುಲಾಯಿ ಇಲ್ಲದ್ದು. ಇನ್ನೊಂದರಲ್ಲಿ ಹಿತ್ತಾಳೆಯ ಲೋಟ. ತಲೆಯ ಮೇಲಿನ ಸೆರಗು ಹುಬ್ಬಿನ ತನಕ ಇತ್ತು. ಹೊಸ್ತಿಲಿಗೆ ಬಂದು ನಿಂತಳು. ನಾನು ಆಕೆಯ ಹೆಜ್ಜೆಯನ್ನೇ ನೋಡುತ್ತಿದ್ದೆ. ದಾಟಿದಳು.

"ಇದು ನಂದ್ರಿ," ಎಂದಳು. "ನನಗ ಹೊಟ್ಟಿ ಬ್ಯಾನಿ ಐತ್ರಿ. ಅದಕ್ಕಂತ ಸೋಡಾ ಮಾಡತಾರ್ರಿ. ನಿಮ್ಮ ಮುಂದಽ ಕುಡದು ತೋರಸತೇನಿ, ನೋಡ್ರಿ."

ಹೇಳಿದ್ದೇನೋ ಹೇಳಿದಳು. ಆದರೆ ಆ ಬಾಟಲಿಯ ಕೊಂಡಿ ಬಲು ಬಿಗಿ. ಇಷ್ಟು ವರ್ಷ ಒಮ್ಮೆಯೂ ಆಕೆ ತುಂಬಿದ ಬಾಟಲಿ ಬಿಚ್ಚಿದವಳಲ್ಲ, ಯಾವಾಗಲೂ ಅಪ್ಪನೇ ಬಿಚ್ಚುತ್ತಿದ್ದ. ಹೆಬ್ಬೆರಳು ಒತ್ತಿದಳು, ಜಾರಿತು. ಸೆರಗಿನ ತುದಿ ಹಿಡಿದು ಒತ್ತಿದಳು, ಅಲುಗಲಿಲ್ಲ. ಬಾಟಲಿ ಎದೆಗೆ ಆನಿಸಿಕೊಂಡು ಮತ್ತೆ ಒತ್ತಿದಳು. ಹಿರಿಯರು ನೆಲ ನೋಡಿದರು. ನನಗೆ ಹೋಗಿ ಆಕೆಯ ಕೈಯಿಂದ ಅದನ್ನು ಕಸಿದುಕೊಂಡು ಬರಬೇಕೆನಿಸಿತು. ಆಕೆಯ ಕಣ್ಣು ತುಂಬುತ್ತಿತ್ತು.

ಅಪ್ಪ ಎದ್ದ. ಎದ್ದದ್ದನ್ನು ಕಂಡು ಮಾವ ಗಾಬರಿಯಾದ, ಬಾಟಲಿ ಒಡೆದುಹಾಕುತ್ತಾನೆಂದುಕೊಂಡನಂತೆ. ಅಪ್ಪ ಅವ್ವನ ಕೈಯಿಂದ ಬಾಟಲಿ ತೆಗೆದುಕೊಂಡು ಕಂಕುಳಲ್ಲಿಟ್ಟು ಒಂದೇ ಪೆಟ್ಟಿಗೆ ಕೊಂಡಿ ಹಾರಿಸಿದ. ಫಟ್! ನೊರೆ ಉಕ್ಕಿ ಅವನ ಖಾದಿ ಅಂಗಿಯ ಮೇಲೆಲ್ಲ ಸುರಿಯಿತು. ಲೋಟಕ್ಕೆ ಬಗ್ಗಿಸಿದ, ನೊರೆ ಇಳಿಯುವ ತನಕ ಕಾದ, ಮತ್ತೆ ಬಗ್ಗಿಸಿದ. ಎಲ್ಲರ ಎದುರಿಗೆ ಲೋಟವನ್ನು ಎರಡೂ ಕೈಯಿಂದ ಅವ್ವನ ಮುಂದೆ ಹಿಡಿದ.

"ತೊಗೊ. ಸಾವಕಾಶ ಕುಡಿ, ಮೂಗಿಗೆ ಏರತೈತಿ," ಎಂದ. ಆಮೇಲೆ ಹಿರಿಯರ ಕಡೆಗೆ ತಿರುಗಿದ. "ಈಕಿಗಂತ ನಾನಽ ಮಾಡತೇನ್ರಿ. ದಿನಾ ಎರಡು ಹೊತ್ತು."

ಅಪ್ಪನ ಕಿವಿಗಳು ಕೆಂಪಾಗಿದ್ದವು. ಅವ್ವ ಗೋಡೆಯ ಕಡೆ ಮುಖ ಮಾಡಿ ಕುಡಿದಳು, ಗುಟುಕು ಗುಟುಕಾಗಿ, ಪೂರ್ತಿ. ಲೋಟ ಇಳಿಸಿದಳು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ, ತಡೆಯಲು ಸೆರಗಿನಿಂದ ಬಾಯಿ ಎಷ್ಟು ಬಿಗಿಯಾಗಿ ಒತ್ತಿಕೊಂಡರೂ ಕೇಳದೆ, ತೇಗು ಬಂದೇ ಬಂತು. ವಾರಗಟ್ಟಲೆ ಒಳಗೆ ಕೂಡಿಟ್ಟದ್ದೆಲ್ಲ ಒಟ್ಟಿಗೆ ಬಂತು. ಮಾವ ಮೊದಲು ನಕ್ಕ. ಹಿರಿಯರು ತಡೆದುಕೊಳ್ಳಲು ನೋಡಿ, ಆಗದೆ, ಹೊಟ್ಟೆ ಹಿಡಿದುಕೊಂಡು ನಕ್ಕರು. "ಖರೆ ಐತಿ ಬಿಡ್ರಿ, ಇದು ಕುಡುಕರ ತೇಗು ಅಲ್ಲ!" ಎಂದು ಕಣ್ಣೊರೆಸಿಕೊಂಡರು. ಅಪ್ಪನೂ ನಕ್ಕ. ಬದುಕಿದೆ ಎಂದುಕೊಂಡು ನಾನು ಬಾಗಿಲಿಗೆ ಒರಗಿದೆ.

ನಗದೆ ಇದ್ದವರು ನನ್ನ ಪಕ್ಕದಲ್ಲಿ ನಿಂತಿದ್ದ ಹುಡುಗನ ತಾಯಿ ಒಬ್ಬರೇ. ಅವರು ಅವ್ವನ ಕೈಯಲ್ಲಿದ್ದ ಲೋಟವನ್ನೇ ನೋಡುತ್ತಿದ್ದರು.

"ನನಗೂ ಒಂದೀಟು ಕೊಡ್ರಿ," ಎಂದರು. ದನಿ ಸಣ್ಣದಿತ್ತು, ಆದರೂ ಎಲ್ಲರಿಗೂ ಕೇಳಿಸಿತು. "ನನ್ನ ಹೊಟ್ಟೀನೂ ಹಿಂಗಽ ಐತ್ರಿ. ಈ ನನ್ನ ಮಗ ಹೊಟ್ಯಾಗಿದ್ದಾಗಿಂದ ಐತಿ. ಉಂಡಕೂಡಲೇ ಎದಿ ಹಿಡಕೊಂಡು ಕುಂಡರತೇನಿ. ಯಾಕ ಹಿಂಗ ಕುಂತೀ ಅಂತ ನಮ್ಮ ಮನ್ಯಾಗ ಯಾರೂ ಕೇಳಿಲ್ಲ."

ಹಿರಿಯರ ನಗು ಅರ್ಧಕ್ಕೆ ನಿಂತಿತು. ಹೆಂಡತಿಯ ಕಡೆ ತಿರುಗಿದರು.

ಅಪ್ಪ ಬಾಟಲಿಯಲ್ಲಿ ಉಳಿದದ್ದನ್ನು ಇನ್ನೊಂದು ಲೋಟಕ್ಕೆ ಬಗ್ಗಿಸಿದ. ಬಾಗಿಲ ಕಡೆಗೆ ಎರಡು ಹೆಜ್ಜೆ ಇಟ್ಟವನು ತಡೆದು ನಿಂತು, ತಿರುಗಿ ಹೋಗಿ, ಲೋಟವನ್ನು ಆ ಹಿರಿಯರ ಕೈಗೆ ಕೊಟ್ಟ. ಅವರು ಅದನ್ನು ಹಿಡಿದುಕೊಂಡು ಕೂತರು. ಗುಳ್ಳೆ ಏಳುತ್ತಿತ್ತು. ಆಮೇಲೆ ಎದ್ದು, ಪಡಸಾಲೆ ದಾಟಿ, ನಾವು ನಿಂತಿದ್ದ ಬಾಗಿಲಿಗೆ ಬಂದರು. ಮದುವೆಯಾದಂದಿನಿಂದ ಹೆಂಡತಿಯ ಕೈಗೆ ಅವರು ಏನನ್ನಾದರೂ ಎತ್ತಿ ಕೊಟ್ಟದ್ದು ಅದೇ ಮೊದಲು ಎಂದು ಆಕೆ, ನನ್ನ ಅತ್ತೆ, ಮುಂದೆ ನನಗೆ ಹೇಳಿದರು.

ಅತ್ತೆ ಒಂದು ಹನಿ ಬಿಡದೆ ಕುಡಿದರು. ಕುಡಿಯುವಾಗ ಗಂಡನ ಮುಖ ನೋಡಲಿಲ್ಲ. ಕುಡಿದಾದ ಮೇಲೆ ಲೋಟವನ್ನು ಮತ್ತೆ ಅವರ ಕೈಯಲ್ಲೇ ಇಟ್ಟು, ನನ್ನ ಕೈ ಹಿಡಿದುಕೊಂಡು ಒಳಗೆ ಬಂದು ಒಲೆಯ ಮುಂದೆ ಕೂತರು. ನಾನು ತಿರುಗಿ ನೋಡಿದಾಗ ಹಿರಿಯರು ಆ ಖಾಲಿ ಲೋಟ ಹಿಡಿದುಕೊಂಡು ಇನ್ನೂ ಬಾಗಿಲಲ್ಲೇ ನಿಂತಿದ್ದರು.